ಸಲೂಕ್‌ನ ನೇಣುಗಂಬದಿಂದ ಪೋಲೆಂಡಿನ ಗಡಿಯವರೆಗೆ

ಎರಡನೇ ಮಹಾಯುದ್ಧ ಎಂದು ಆರಂಭವಾಯಿತು ಎಂದು ನಮ್ಮ ಮನೆಯ ಪ್ರೌಢಶಾಲೆಯ ಮಕ್ಕಳನ್ನು ಕೇಳಿದರೆ ತಡವರಿಸದೆ ಉತ್ತರ ಕೊಡುತ್ತಾರೆ: 1939ರ ಸೆಪ್ಟೆಂಬರ್ 1, ಜರ್ಮನಿ ಪೋಲೆಂಡಿನ ಮೇಲೆ ದಾಳಿ ಮಾಡಿದ ದಿನ. ಉತ್ತರ ಸರಿಯೇ, ಅಂಕವೂ ಸಿಗುತ್ತದೆ. ಆದರೆ ಯುದ್ಧವೆಂಬುದು ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಹುಟ್ಟುವುದಿಲ್ಲ. ಪೋಲೆಂಡಿಗೆ ಬಂದ ಬೆಂಕಿ ಅದಕ್ಕೂ ಮೊದಲು ಎಲ್ಲೆಲ್ಲಿ ಉರಿದಿತ್ತು ಎಂದು ಹುಡುಕುತ್ತಾ ಹೋದರೆ ನಾವು ಲಿಬಿಯಾದ ಮರುಭೂಮಿಗೆ ಹೋಗಿ ತಲುಪುತ್ತೇವೆ. ಆ ಅಧ್ಯಾಯ ಪಠ್ಯಪುಸ್ತಕದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಈ ತಿಂಗಳು ಅದನ್ನೇ ಓದೋಣ.

ಮೊದಲು ಇಟಲಿಯ ಕಥೆ. ಮುಸೋಲಿನಿ ರೋಮ್ ನಗರವನ್ನು ಗೆದ್ದು ಅಧಿಕಾರಕ್ಕೆ ಬಂದನೆಂದು ಅವನ ಪಕ್ಷದವರು ಹೇಳಿಕೊಂಡರು. ನಡೆದದ್ದು ಬೇರೆ. 1921ರ ಚುನಾವಣೆಯಲ್ಲಿ 535 ಸ್ಥಾನಗಳ ಸಂಸತ್ತಿನಲ್ಲಿ ಅವನ ಕಡೆಯವರು ಗೆದ್ದದ್ದು 35 ಮಾತ್ರ. ಅದೂ ಹಳೆಯ ಪ್ರಧಾನಿ ಜೋಲಿಟ್ಟಿ ತನ್ನ ಕೂಟದಲ್ಲಿ ಜಾಗ ಕೊಟ್ಟದ್ದರಿಂದ. ಹತ್ತಿರ ಕರೆದರೆ ಈ ಪುಂಡರು ಸಭ್ಯರಾಗುತ್ತಾರೆ ಎಂಬುದು ಆತನ ಲೆಕ್ಕಾಚಾರ. 1922ರ ಅಕ್ಟೋಬರ್ 28ರಂದು ಕಪ್ಪಂಗಿಯವರು ರೋಮ್‌ನತ್ತ ಹೊರಟಾಗ ಅವರನ್ನು ತಡೆಯಲು ಸೈನ್ಯ ಸಿದ್ಧವಿತ್ತು. ತುರ್ತು ಆಜ್ಞೆಗೆ ಸಹಿ ಹಾಕಬೇಕಿದ್ದ ದೊರೆ ಮೂರನೇ ವಿಕ್ಟರ್ ಇಮ್ಯಾನುಯೆಲ್ ಮಾತ್ರ ಹಾಕಲಿಲ್ಲ. ಮುಸೋಲಿನಿ ಮಿಲಾನ್‌ನಿಂದ ರಾತ್ರಿಯ ರೈಲಿನಲ್ಲಿ ಮಲಗಿಕೊಂಡು ಬಂದು ಪ್ರಧಾನಿಯಾದ. ಮರುವರ್ಷವೇ ಹೊಸ ಚುನಾವಣಾ ಕಾನೂನು ಬಂತು: ಕಾಲು ಭಾಗ ಮತ ಪಡೆದು ಮೊದಲ ಸ್ಥಾನಕ್ಕೆ ಬಂದ ಪಟ್ಟಿಗೆ ಸಂಸತ್ತಿನ ಮೂರನೇ ಎರಡು ಭಾಗ ಸ್ಥಾನ! 1924ರಲ್ಲಿ ಆ ಚುನಾವಣೆಯ ಅಕ್ರಮಗಳನ್ನು ಸದನದಲ್ಲಿ ನಿಂತು ಪ್ರಶ್ನಿಸಿದ ಸಂಸದ ಮತ್ತೆಯೋಟ್ಟಿಯನ್ನು ಕೆಲವೇ ದಿನಗಳಲ್ಲಿ ಅಪಹರಿಸಿ ಕೊಂದರು. ಪ್ರತಿಪಕ್ಷದವರು ಸದನ ಬಹಿಷ್ಕರಿಸಿ ದೊರೆ ಏನಾದರೂ ಮಾಡಿಯಾನು ಎಂದು ಕಾದರು. ದೊರೆ ಏನೂ ಮಾಡಲಿಲ್ಲ.

ಈಗ ಲಿಬಿಯಾಕ್ಕೆ ಬರೋಣ. ಇಟಲಿ 1911ರಲ್ಲೇ ಅಲ್ಲಿ ಕಾಲಿಟ್ಟಿತ್ತು, ಅಂದರೆ ಮುಸೋಲಿನಿಗಿಂತ ಮೊದಲು. ಪೂರ್ವ ಲಿಬಿಯಾದಲ್ಲಿ ಅದಕ್ಕೆ ಎದುರು ನಿಂತವರು ಸನೂಸಿ ತರೀಖತ್‌ನವರು. ಅವರ ದಳಪತಿ ಉಮರ್ ಮುಖ್ತಾರ್ ವೃತ್ತಿಯಿಂದ ಮಕ್ಕಳಿಗೆ ಕುರ್‌ಆನ್ ಕಲಿಸುತ್ತಿದ್ದ ಉಸ್ತಾದ್. ಎಪ್ಪತ್ತರ ವಯಸ್ಸಿನಲ್ಲೂ ಕುದುರೆಯ ಮೇಲಿದ್ದರು. ಸಣ್ಣ ಸಣ್ಣ ತಂಡಗಳಲ್ಲಿ ಬಂದು ಹೊಡೆದು ಬೆಟ್ಟದಲ್ಲಿ ಮರೆಯಾಗುವ ಇವರನ್ನು ವಿಮಾನ, ಟ್ಯಾಂಕುಗಳಿದ್ದ ಸೈನ್ಯ ಹಿಡಿಯಲಾಗಲಿಲ್ಲ.

ಆಗ ರಾಜ್ಯಪಾಲ ಬಡೋಲ್ಯೊ ಮತ್ತು ಜನರಲ್ ಗ್ರಾಟ್ಸಿಯಾನಿ ಕಂಡುಕೊಂಡ ದಾರಿ ಏನೆಂದರೆ, ಹೋರಾಟಗಾರರನ್ನು ಬಿಟ್ಟು ಅವರಿಗೆ ಅನ್ನ ಕೊಡುವ ಜನರನ್ನೇ ಹಿಡಿಯುವುದು. 1930ರಲ್ಲಿ ಜಬಲುಲ್ ಅಖ್ದರ್ ಪ್ರದೇಶದ ಸುಮಾರು ಒಂದು ಲಕ್ಷ ಜನರನ್ನು, ಹೆಂಗಸರು, ಮಕ್ಕಳು, ಮುದುಕರೆನ್ನದೆ, ಅವರ ಕುರಿ ಒಂಟೆಗಳ ಸಮೇತ ನಡೆಸಿಕೊಂಡು ಹೋಗಿ ಕರಾವಳಿಯ ಮರಳಿನಲ್ಲಿ ಮುಳ್ಳುತಂತಿಯ ಶಿಬಿರಗಳಲ್ಲಿ ಕೂಡಿಹಾಕಿದರು. ಹಸಿವು, ಜ್ವರ ಮತ್ತು ಗಲ್ಲಿಗೆ ಸಿಕ್ಕಿ ಸತ್ತವರು ಹತ್ತಾರು ಸಾವಿರ. ಕುರಿಗಾಹಿಗಳ ಬದುಕೇ ಆಗಿದ್ದ ಜಾನುವಾರುಗಳಲ್ಲಿ ಹೆಚ್ಚಿನವು ನಾಶವಾದವು. ಈಜಿಪ್ಟಿನಿಂದ ಸಹಾಯ ಬಾರದಂತೆ ಗಡಿಯುದ್ದಕ್ಕೂ ಸುಮಾರು 270 ಕಿಲೋಮೀಟರ್ ಮುಳ್ಳುತಂತಿ ಬೇಲಿ ಎದ್ದಿತು. ಜರ್ಮನಿಯಲ್ಲಿ ಡಾಖಾವ್ ಶಿಬಿರ ತೆರೆದದ್ದು 1933ರ ಮಾರ್ಚ್‌ನಲ್ಲಿ, ಇದಾದ ಮೂರು ವರ್ಷಗಳ ಮೇಲೆ. ಈ ತಾರೀಖುಗಳನ್ನು ಅಕ್ಕಪಕ್ಕ ಇಟ್ಟು ನೋಡುವವರು ಕಡಿಮೆ.

1931ರ ಸೆಪ್ಟೆಂಬರ್ 11ರಂದು ಉಮರ್ ಮುಖ್ತಾರ್ ಸೆರೆ ಸಿಕ್ಕರು. 15ರಂದು ಬೆಂಗಾಝಿಯಲ್ಲಿ ವಿಚಾರಣೆಯ ನಾಟಕ. 16ರ ಬೆಳಿಗ್ಗೆ ಸಲೂಕ್‌ನಲ್ಲಿ, ಶಿಬಿರಗಳಿಂದ ಸುಮಾರು 20,000 ಜನರನ್ನು ಎಳೆತಂದು ನಿಲ್ಲಿಸಿ, ಅವರ ಕಣ್ಣೆದುರೇ ಗಲ್ಲಿಗೇರಿಸಿದರು. ಈ ಕಥೆಯ ಸಿನಿಮಾ ನೋಡಿ ಕಣ್ಣೀರಿಟ್ಟವರು ನಮ್ಮಲ್ಲಿದ್ದಾರೆ. ಆ ಸಿನಿಮಾಕ್ಕೆ ಹಣ ಕೊಟ್ಟದ್ದು ಗದ್ದಾಫಿ ಸರಕಾರ, ಅದೂ ಒಬ್ಬ ಸರ್ವಾಧಿಕಾರಿಯದೇ, ಎಂಬುದನ್ನು ಮಕ್ಕಳಿಗೆ ಹೇಳುವಾಗ ಮುಚ್ಚಿಡಬೇಕಾಗಿಲ್ಲ.

ಇಲ್ಲಿ ನಾವು ನಮ್ಮದೇ ಲೆಕ್ಕವನ್ನೂ ನೋಡಿಕೊಳ್ಳಬೇಕು. ನೇಣಾದ ಎರಡೇ ತಿಂಗಳಲ್ಲಿ, 1931ರ ನವೆಂಬರ್‌ನಲ್ಲಿ, ಅಲ್ಲಾಮಾ ಇಕ್ಬಾಲ್ ರೋಮ್‌ನಲ್ಲಿ ಮುಸೋಲಿನಿಯನ್ನು ಭೇಟಿಯಾದರು. ಅವನ ಚೈತನ್ಯವನ್ನು ಮೆಚ್ಚಿ ಕವಿತೆಯನ್ನೂ ಬರೆದರು. ಡಿಸೆಂಬರ್‌ನಲ್ಲಿ ಗಾಂಧೀಜಿಯೂ ಭೇಟಿಯಾದರು. ಅದಕ್ಕೂ ಮೊದಲು, 1926ರಲ್ಲಿ ಟಾಗೋರರು ಅವನ ಅತಿಥಿಯಾಗಿ ಹೋಗಿ ಒಳ್ಳೆಯ ಮಾತಾಡಿದ್ದರು. ಇಟಲಿಯಿಂದ ಹೊರಬಂದು, ದೇಶ ಬಿಟ್ಟು ಓಡಿದವರ ಬಾಯಿಂದ ಸತ್ಯ ಕೇಳಿದ ಮೇಲೆ ಬ್ರಿಟಿಷ್ ಪತ್ರಿಕೆಯೊಂದಕ್ಕೆ ಪತ್ರ ಬರೆದು ಫ್ಯಾಸಿಸಂ ಅನ್ನು ಖಂಡಿಸಿದರು. ಇಕ್ಬಾಲರೂ ಇಟಲಿ ಇಥಿಯೋಪಿಯಾದ ಮೇಲೆ ಕಣ್ಣು ಹಾಕಿದಾಗ, 1935ರಲ್ಲಿ, ಅದರ ವಿರುದ್ಧ ಕವಿತೆ ಬರೆದರು. ಇಷ್ಟು ದೊಡ್ಡವರಿಗೇ ಒಂದು ಕ್ಷಣ ಕಣ್ಣು ಕತ್ತಲೆ ಬಂದಿತೆಂದರೆ ಉಳಿದವರ ಪಾಡೇನು?

ಆ ಕತ್ತಲೆಗೆ ಕಾರಣವಿತ್ತು. ಭಾರತ, ಈಜಿಪ್ಟ್, ಫೆಲೆಸ್ತೀನ್ ಎಲ್ಲವೂ ಬ್ರಿಟಿಷರ ಕೈಯಲ್ಲಿದ್ದವು. ಬ್ರಿಟಿಷರ ವೈರಿ ನಮ್ಮ ಮಿತ್ರನೇ ಇರಬೇಕು ಎಂದು ಹಲವರು ನಂಬಿದರು. ಮುಸೋಲಿನಿ ಇದನ್ನು ಚೆನ್ನಾಗಿ ಅರಿತಿದ್ದ. 1934ರಿಂದ ಬಾರಿ ನಗರದ ರೇಡಿಯೋ ಅರಬಿಯಲ್ಲಿ ಪ್ರಸಾರ ಆರಂಭಿಸಿತು. 1937ರ ಮಾರ್ಚ್‌ನಲ್ಲಿ ಅವನು ಟ್ರಿಪೋಲಿಯಲ್ಲಿ ಕುದುರೆ ಏರಿ ‘ಇಸ್ಲಾಮಿನ ಖಡ್ಗ’ ಎಂಬ ಕತ್ತಿಯನ್ನು ಎತ್ತಿ ಹಿಡಿದು ಮುಸ್ಲಿಮರ ರಕ್ಷಕನೆಂದು ಸಾರಿಕೊಂಡ. ಆ ಕತ್ತಿ ತಯಾರಾದದ್ದು ಇಟಲಿಯ ಫ್ಲಾರೆನ್ಸ್‌ನಲ್ಲಿ. ಸಲೂಕ್‌ನ ನೇಣಿಗೆ ಆಗಿನ್ನೂ ಆರು ವರ್ಷ ತುಂಬಿರಲಿಲ್ಲ. ಜೆರುಸಲೇಮಿನ ಮುಫ್ತಿ ಅಮೀನ್ ಅಲ್ ಹುಸೈನಿ 1941ರ ನವೆಂಬರ್‌ನಲ್ಲಿ ಬರ್ಲಿನ್‌ಗೆ ಹೋಗಿ ಹಿಟ್ಲರನೆದುರು ಕೂತರು. ಫೆಲೆಸ್ತೀನ್ ಜನರ ನೋವು ನಿಜವಾಗಿತ್ತು. ಆದರೆ ಆ ಬಾಗಿಲಿಗೆ ಹೋದದ್ದು ತಪ್ಪು. ಅದನ್ನು ನಮ್ಮ ಬಾಯಿಂದಲೇ ಹೇಳಬೇಕು, ಇತರರು ಹೇಳುವವರೆಗೆ ಕಾಯಬಾರದು.

ಜರ್ಮನಿಯ ಕಥೆ ಬಹುಮಂದಿಗೆ ಗೊತ್ತಿರುವುದರಿಂದ ಚುಟುಕಾಗಿ ಹೇಳುತ್ತೇವೆ. 1928ರಲ್ಲಿ ಹಿಟ್ಲರನ ಪಕ್ಷಕ್ಕೆ ಸಿಕ್ಕ ಮತ ಶೇ. 2.6. ಆರ್ಥಿಕ ಕುಸಿತದಿಂದ 60 ಲಕ್ಷ ಜನ ಕೆಲಸ ಕಳೆದುಕೊಂಡ 1932ರ ಜುಲೈನಲ್ಲಿ ಶೇ. 37. ನವೆಂಬರ್‌ನಲ್ಲಿ ಅದು ಶೇ. 33ಕ್ಕೆ ಇಳಿದಿತ್ತು. ಇಳಿಯುತ್ತಿದ್ದವನನ್ನು ಕೈ ಹಿಡಿದು ಮೇಲೆತ್ತಿ 1933ರ ಜನವರಿ 30ರಂದು ಕುರ್ಚಿಯಲ್ಲಿ ಕೂರಿಸಿದ್ದು ಪಾಪೆನ್‌ನಂಥ ಹಳೆಯ ರಾಜಕಾರಣಿಗಳು. ಇಟಲಿಯಲ್ಲಿ ಜೋಲಿಟ್ಟಿ ಹಾಕಿದ್ದ ಅದೇ ಲೆಕ್ಕ, ಅದೇ ತಪ್ಪು. ಮಾರ್ಚ್ 23ರಂದು ಸಂಸತ್ತು ತನ್ನ ಅಧಿಕಾರವನ್ನೆಲ್ಲ ಅವನ ಕೈಗೆ ಬರೆದುಕೊಟ್ಟಿತು. ಕಮ್ಯುನಿಸ್ಟ್ ಸದಸ್ಯರನ್ನು ಒಳಗೆ ಬಿಡಲೇ ಇಲ್ಲ. ವಿರೋಧವಾಗಿ ಬಿದ್ದ 94 ಮತಗಳೂ ಸೋಷಿಯಲ್ ಡೆಮಾಕ್ರಾಟರದ್ದೇ.

ಆದರೆ ಹಿಟ್ಲರನಿಗೆ ಹೊರಗಿನ ದಾರಿ ತೆರೆದುಕೊಟ್ಟದ್ದು ಆಫ್ರಿಕಾ. 1935ರ ಅಕ್ಟೋಬರ್‌ನಲ್ಲಿ ಇಟಲಿ ಇಥಿಯೋಪಿಯಾದ ಮೇಲೆ ದಂಡೆತ್ತಿ ಹೋಯಿತು. ಸೇನಾಪತಿಗಳು ಯಾರು? ಲಿಬಿಯಾದಲ್ಲಿ ಕೈ ಪಳಗಿಸಿಕೊಂಡ ಅದೇ ಬಡೋಲ್ಯೊ, ಅದೇ ಗ್ರಾಟ್ಸಿಯಾನಿ. ವಿಮಾನಗಳಿಂದ ವಿಷಾನಿಲ ಸುರಿಸಿದರು. ರಾಷ್ಟ್ರಸಂಘ ಇಟಲಿಯ ಮೇಲೆ ದಿಗ್ಬಂಧನ ಹೇರಿತು, ಆದರೆ ಯುದ್ಧಕ್ಕೆ ಬೇಕಾದ ಎಣ್ಣೆಯನ್ನು ಅದರಿಂದ ಹೊರಗಿಟ್ಟಿತು. ಇಟಲಿಯ ಹಡಗುಗಳಿಗೆ ಸೂಯೆಝ್ ಕಾಲುವೆಯೂ ತೆರೆದೇ ಇತ್ತು. ಇಟಲಿಯನ್ನು ನೋಯಿಸಿದರೆ ಅದು ಹಿಟ್ಲರನ ಕಡೆ ಸೇರೀತು ಎಂದು ಬ್ರಿಟನ್, ಫ್ರಾನ್ಸ್ ಅಂಜಿದವು. ಈ ಗೊಂದಲದ ನಡುವೆ, 1936ರ ಮಾರ್ಚ್ 7ರಂದು, ಹಿಟ್ಲರ್ ಒಪ್ಪಂದ ಮುರಿದು ರೈನ್‌ಲ್ಯಾಂಡಿಗೆ ಸೈನ್ಯ ಕಳಿಸಿದ. ಯಾರೂ ತಡೆಯಲಿಲ್ಲ. ಜೂನ್ 30ರಂದು ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ ಜಿನೀವಾದಲ್ಲಿ ನಿಂತು ನ್ಯಾಯ ಕೇಳಿದಾಗ ಇಟಲಿಯ ಪತ್ರಕರ್ತರು ಶಿಳ್ಳೆ ಹೊಡೆದರು. ಕೆಲವೇ ದಿನಗಳಲ್ಲಿ ದಿಗ್ಬಂಧನವೂ ತೆರವಾಯಿತು. ವರ್ಷ ಮುಗಿಯುವ ಮೊದಲೇ ಇಟಲಿ, ಜರ್ಮನಿ ಕೈ ಜೋಡಿಸಿದ್ದವು.

ಮುಂದೆ ಎಲ್ಲವೂ ವೇಗವಾಗಿ ನಡೆಯಿತು. 1938ರಲ್ಲಿ ಆಸ್ಟ್ರಿಯಾ, ಮ್ಯೂನಿಕ್ ಒಪ್ಪಂದ. 1939ರ ಮಾರ್ಚ್‌ನಲ್ಲಿ ಪ್ರಾಗ್. ಏಪ್ರಿಲ್ 7ರ ಶುಕ್ರವಾರ ಬೆಳಿಗ್ಗೆ ‘ಇಸ್ಲಾಮಿನ ಖಡ್ಗ’ ಹಿಡಿದವನ ಸೈನ್ಯ, ಮುಸ್ಲಿಮರೇ ಬಹುಸಂಖ್ಯಾತರಾಗಿದ್ದ ಅಲ್ಬೇನಿಯಾದ ಬಂದರುಗಳಲ್ಲಿ ಇಳಿಯಿತು. ಅಲ್ಲಿನ ದೊರೆ ಎರಡು ದಿನದ ಮಗುವಿನೊಡನೆ ದೇಶ ಬಿಟ್ಟ. ಐದು ತಿಂಗಳೊಳಗೆ ಪೋಲೆಂಡ್.

ಅದೇ ಅಲ್ಬೇನಿಯಾದ ಒಂದು ಮಾತು ಇಲ್ಲಿ ಹೇಳಲೇಬೇಕು. 1943ರಲ್ಲಿ ಜರ್ಮನ್ನರು ಅಲ್ಲಿಗೆ ಬಂದಾಗ ಮುಸ್ಲಿಮ್ ಮತ್ತು ಕ್ರೈಸ್ತ ಕುಟುಂಬಗಳು ಯಹೂದಿಗಳನ್ನು ತಮ್ಮ ಮನೆಗಳಲ್ಲಿ ನೆಂಟರೆಂದು ಹೇಳಿ ಅಡಗಿಸಿಟ್ಟವು. ಅದಕ್ಕೆ ಅವರ ಭಾಷೆಯಲ್ಲಿ ‘ಬೆಸಾ’ ಎನ್ನುತ್ತಾರೆ, ಕೊಟ್ಟ ಮಾತು ಎಂದರ್ಥ. ಯುದ್ಧ ಮುಗಿದಾಗ ಆ ದೇಶದಲ್ಲಿ ಯಹೂದಿಗಳ ಸಂಖ್ಯೆ ಮೊದಲಿಗಿಂತ ಹೆಚ್ಚಿತ್ತು.

ಆ ಯುದ್ಧದ ಒಂದು ಎಳೆ ನಮ್ಮ ನಾಡಿಗೂ ಬಂದಿತ್ತು. 1941ರ ಮಾರ್ಚ್‌ನಲ್ಲಿ ಎರಿಟ್ರಿಯಾದ ಕೆರೆನ್ ಬೆಟ್ಟಗಳಲ್ಲಿ ಇಟಲಿಯನ್ನು ಸೋಲಿಸಿದವರಲ್ಲಿ ಹಿಂದೂ, ಮುಸ್ಲಿಮ್, ಸಿಖ್ ಸೈನಿಕರಿದ್ದ ಭಾರತದ ಎರಡು ಡಿವಿಜನ್‌ಗಳಿದ್ದವು. ಆಫ್ರಿಕಾದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರಲ್ಲಿ ಸಾವಿರಾರು ಮಂದಿಯನ್ನು ಬೆಂಗಳೂರಿನ ಶಿಬಿರಗಳಲ್ಲಿ ಇಟ್ಟಿದ್ದರು.

ಗ್ರಾಟ್ಸಿಯಾನಿಗೆ ಏನಾಯಿತು? 1950ರಲ್ಲಿ ಇಟಲಿಯ ನ್ಯಾಯಾಲಯ 19 ವರ್ಷಗಳ ಶಿಕ್ಷೆ ವಿಧಿಸಿತು. ಅವನು ಕೆಲವೇ ತಿಂಗಳಲ್ಲಿ ಹೊರಬಂದ. ಆ ಶಿಕ್ಷೆಯೂ ಜರ್ಮನ್ನರ ಜೊತೆ ಕೈಜೋಡಿಸಿದ್ದಕ್ಕಾಗಿ. ಸಲೂಕ್‌ಗಾಗಿ ಅಲ್ಲ, ಶಿಬಿರಗಳಿಗಾಗಿ ಅಲ್ಲ, ಇಥಿಯೋಪಿಯಾದ ವಿಷಾನಿಲಕ್ಕಾಗಿಯೂ ಅಲ್ಲ. 2012ರಲ್ಲಿ ಇಟಲಿಯ ಅಫೀಲೆ ಎಂಬ ಊರಿನವರು ಸರಕಾರದ ಹಣದಲ್ಲಿ ಅವನಿಗೊಂದು ಸ್ಮಾರಕ ಕಟ್ಟಿದರು.