ಕೋವಿಯ ಕವೆಗೋಲು

ನಮ್ಮ ಕಚೇರಿಯಲ್ಲಿ ಕೊಡಗಿನ ಮಿತ್ರರೊಬ್ಬರಿದ್ದಾರೆ. ಅವರ ಮಗ ಇಲ್ಲಿ ದೆಹಲಿಯಲ್ಲಿ ಮಲಗಿ ಹೊಡೆಯುವ 50 ಮೀಟರ್ ರೈಫಲ್ ಸ್ಪರ್ಧೆಗೆ ಅಭ್ಯಾಸ ಮಾಡುತ್ತಿದ್ದಾನೆ. ರೈಫಲಿನ ಮುಂಭಾಗಕ್ಕೆ ಸಿಕ್ಕಿಸುವ ಎರಡು ಕಾಲಿನ ಆನಿಕೆ, ಅಂದರೆ ಬೈಪಾಡ್, ಬೇಕೆಂದು ಅವನ ಹಟ. ವಿದೇಶೀ ಮಾಲಿನ ಬೆಲೆ ಕೇಳಿ ಬಂದ ಮಿತ್ರರು ಬುತ್ತಿ ಬಿಚ್ಚುತ್ತ, "ಏನ್ರೀ, ನೀವು ಬಿ.ಎಸ್ಸಿ. ಓದಿದವರು. ಎರಡು ಕಾಲಿಗೆ ಇಷ್ಟು ದುಡ್ಡು ಕೊಡಬೇಕೆ?" ಎಂದರು. ನಾವು ಕೋವಿ ಹಿಡಿದವರಲ್ಲ. ಆದರೂ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಕೆಲವು ರಜಾದಿನಗಳನ್ನು ಗ್ರಂಥಾಲಯದಲ್ಲಿ ಕಳೆದೆವು.

ಲೆಕ್ಕವೇನೋ ಸುಲಭ. ಒಂದು ಮೀಟರ್ ಉದ್ದದ ಕೋವಿಯ ತುದಿ ಒಂದು ಮಿಲಿಮೀಟರ್ ಅಲುಗಿದರೆ 100 ಮೀಟರ್ ದೂರದಲ್ಲಿ ಗುಂಡು 10 ಸೆಂಟಿಮೀಟರ್ ತಪ್ಪುತ್ತದೆ. 300 ಮೀಟರಿನಲ್ಲಿ 30 ಸೆಂಟಿಮೀಟರ್. ಉಸಿರಾಟ, ಎದೆಬಡಿತಗಳೇ ಅಷ್ಟು ಅಲುಗಿಸಲು ಸಾಕು. ಈ ಅಲುಗಾಟವನ್ನು ನೆಲಕ್ಕೆ ಒಪ್ಪಿಸುವ ಉಪಾಯವೇ ಆನಿಕೆ.

ಯುರೋಪಿನಲ್ಲಿ ಅದು ಬಂದದ್ದು ಗುರಿಗಿಂತ ಹೆಚ್ಚಾಗಿ ಭಾರದ ಕಾರಣದಿಂದ. 16ನೆಯ ಶತಮಾನದ ಸ್ಪೇನಿನ ಮಸ್ಕೆಟ್ ಕೋವಿ ಎಂಟು ಕಿಲೋಗ್ರಾಂ ಆಸುಪಾಸು ತೂಗುತ್ತಿತ್ತು. ಹಾಗಾಗಿ ಸಿಪಾಯಿ ಒಂದು ಕವೆಗೋಲನ್ನೂ ಹೊತ್ತು ನಡೆಯಬೇಕಾಗಿತ್ತು. ಮದ್ದು ತುಂಬುವಾಗ ಅದು ಮಣಿಕಟ್ಟಿನ ಕುಣಿಕೆಯಲ್ಲಿ ನೇತಾಡುತ್ತಿತ್ತು. 1607ರಲ್ಲಿ ಹಾಲೆಂಡಿನಲ್ಲಿ ಯಾಕೊಬ್ ಡ ಗೈನ್ ಪ್ರಕಟಿಸಿದ ಕವಾಯತಿನ ಚಿತ್ರಪುಸ್ತಕದಲ್ಲಿ ಈ ಪಾಡನ್ನೆಲ್ಲ ಕಾಣಬಹುದು. ಕೋವಿ ಹಗುರಾದಂತೆ 17ನೆಯ ಶತಮಾನದಲ್ಲೇ ಅಲ್ಲಿನ ಸೈನ್ಯಗಳು ಕವೆಗೋಲನ್ನು ಕೈಬಿಟ್ಟವು.

ಟಿಬೆಟಿನವರ ಜಾಣ್ಮೆ ನಮಗೆ ಹೆಚ್ಚು ಹಿಡಿಸಿತು. ಗಿಡಮರವಿಲ್ಲದ ಆ ಬಯಲಿನಲ್ಲಿ ಕಡ್ಡಿ ಕಡಿಯೋಣವೆಂದರೆ ಮರವೆಲ್ಲಿ? ಚಿರು ಎಂಬ ಹುಲ್ಲೆಯ ನೀಳ ಕೊಂಬುಗಳೆರಡನ್ನು ಬತ್ತಿಕೋವಿಯ ಹಿಡಿಮರಕ್ಕೇ ಕೀಲಿನಿಂದ ಜೋಡಿಸಿದರು. ಕುದುರೆ ಏರುವಾಗ ಮುಂದಕ್ಕೆ ಮಡಿಸಿದರಾಯಿತು. ಇಳಿದು ನೆಲಕ್ಕೆ ಕವಿದಾಗ ಬಿಚ್ಚಿದರಾಯಿತು. ಹಗುರ, ಗಟ್ಟಿ, ಮರೆತು ಬರುವ ಭಯವಿಲ್ಲ. ಇಂದಿನ ಬೈಪಾಡಿನ ವಿನ್ಯಾಸ ಇದೇ ಅಲ್ಲವೆ? ಆದರೆ ಆ ಚಿರುವನ್ನೇ ಮುಂದೆ ಶಾಹತೂಷ್ ಶಾಲಿನ ಉಣ್ಣೆಗಾಗಿ ಮನುಷ್ಯ ಬೇಟೆಯಾಡಿದ. ಈಗ ಅದು ಕಾನೂನಿನ ರಕ್ಷಣೆಯಲ್ಲಿದೆ.

ಅತಿ ಅಗ್ಗದ ಆನಿಕೆ ಸಿಕ್ಕಿದ್ದು ಅಮೆರಿಕದಲ್ಲಿ. ಅದರ ಕಥೆಯೇ ನಮ್ಮನ್ನು ಬಹಳ ಹೊತ್ತು ಹಿಡಿದು ಕೂರಿಸಿತು. ಸುಮಾರು 1871ರಲ್ಲಿ ಅಲ್ಲಿನ ಬೈಸನ್ ಚರ್ಮದಿಂದ ಗಟ್ಟಿ ತೊಗಲು ಮಾಡುವ ವಿಧಾನ ಹದಗಾರರಿಗೆ ಕೈಗೂಡಿತು; ಕಾರ್ಖಾನೆಗಳ ಯಂತ್ರಗಳಿಗೆ ಪಟ್ಟಿ ಬೇಕಾಗಿತ್ತು. (ನಮ್ಮ ಮಲೆನಾಡಿನ ಕಾಟಿಯನ್ನೂ ಬೈಸನ್ ಎನ್ನುವ ರೂಢಿಯುಂಟು, ಅದು ಬೇರೆ ಪ್ರಾಣಿ.) ಚರ್ಮಕ್ಕೆ ಬೆಲೆ ಬಂದೊಡನೆ ಬೇಟೆಗಾರರು ಬಯಲಿಗೆ ನುಗ್ಗಿದರು. ಅವರ ಶಾರ್ಪ್ಸ್ ರೈಫಲುಗಳಲ್ಲಿ ಐದಾರು ಕಿಲೋ ತೂಗುವಂಥವೂ ಇದ್ದವು. ಆನಿಕೆಗೆ ಏನು? ಎರಡು ಗಟ್ಟಿ ಕೋಲು, ತುದಿಗೆ ಸ್ವಲ್ಪ ಕೆಳಗೆ ಒಂದು ತೊಗಲಿನ ಕಟ್ಟು. ಕತ್ತರಿಯಂತೆ ಅಗಲಿಸಿ ನೆಲಕ್ಕೆ ಊರಿದರೆ ಮುಗಿಯಿತು. ಕಾಸು ಖರ್ಚಿಲ್ಲ.

ಬೇಟೆಗಾರ ಗಾಳಿಗೆ ಎದುರಾಗಿ ತೆವಳಿಬಂದು, ಇನ್ನೂರು ಮುನ್ನೂರು ಗಜ ದೂರದಲ್ಲಿ ಕುಳಿತು, ಹಿಂಡನ್ನು ನಡೆಸುವ ಹೆಣ್ಣನ್ನು ಮೊದಲು ಕೆಡವುತ್ತಿದ್ದ. ಮುಂದಾಳಿಲ್ಲದ ಹಿಂಡು ಓಡುತ್ತಿರಲಿಲ್ಲ. ರಕ್ತದ ವಾಸನೆಗೆ ಅಲ್ಲಲ್ಲೇ ಸುತ್ತುತ್ತಿತ್ತು. ಕೋಲಿನ ಮೇಲಿಟ್ಟ ಕೋವಿ ಕೈಸೋಲು ಕಾಣದೆ ಒಂದೊಂದಾಗಿ ಉರುಳಿಸುತ್ತಿತ್ತು, ನಳಿಗೆ ಕಾದು ಕೆಂಡವಾಗುವವರೆಗೆ. 1889ರಲ್ಲಿ ವಿಲಿಯಂ ಹಾರ್ನಡೇ ಎಂಬ ಪ್ರಾಣಿಶಾಸ್ತ್ರಜ್ಞ ಲೆಕ್ಕ ಹಾಕಿದಾಗ, ಕೋಟಿಗಟ್ಟಲೆ ಇದ್ದ ಪ್ರಾಣಿಯಲ್ಲಿ ಉಳಿದದ್ದು ಸಾಕಿದವೂ ಸೇರಿ 1,091. ಅದನ್ನೇ ನಂಬಿ ಬದುಕಿದ್ದ ಮೂಲನಿವಾಸಿಗಳ ಅನ್ನವೂ ಅದರೊಂದಿಗೆ ಹೋಯಿತು. ಕೊಂದದ್ದು ಕೋಲಲ್ಲ, ಚರ್ಮದ ಬೆಲೆ, ನಿಜ. ಆದರೂ ಆ ಎರಡು ಕೋಲುಗಳ ಚಿತ್ರವನ್ನು ನಾವು ಮೆಚ್ಚುಗೆಯಿಂದ ನೋಡಲಾರದೆ ಹೋದೆವು.

ಸೋಮವಾರ ಮಿತ್ರರಿಗೆ ಇದನ್ನೆಲ್ಲ ಹೇಳಿದೆವು. "ನಮ್ಮ ಕೈಲ್ ಪೊಳ್ದ್ ಹಬ್ಬದಲ್ಲಿ ಮರದ ತುದಿಯ ತೆಂಗಿನಕಾಯಿಗೆ ನಿಂತೇ ಗುಂಡು ಹೊಡೀತೇವಲ್ಲ, ಅದಕ್ಕೆ ಯಾವ ಕೋಲು?" ಎಂದು ನಕ್ಕರು. ಆಗ ನಮಗೆ ಕೇಳಬೇಕಾದ ಪ್ರಶ್ನೆ ಹೊಳೆಯಿತು: ಹುಡುಗನ ಸ್ಪರ್ಧೆಯಲ್ಲಿ ಬೈಪಾಡಿಗೆ ಅವಕಾಶವುಂಟೆ? ನಿಯಮ ತೆಗೆಸಿ ನೋಡಿದರೆ, ಇಲ್ಲ! ಒಲಿಂಪಿಕ್ಸ್ ಮಾದರಿಯ ರೈಫಲ್ ಸ್ಪರ್ಧೆಗಳಲ್ಲಿ ಆನಿಕೆ ನಿಷಿದ್ಧ. ಮಲಗಿ ಹೊಡೆಯುವವನಿಗೆ ತೋಳಿಗೆ ಬಿಗಿಯುವ ಪಟ್ಟಿ ಮಾತ್ರ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ 10 ಮೀಟರ್ ಏರ್ ರೈಫಲಿನಲ್ಲಿ ಚಿನ್ನ ಗೆದ್ದದ್ದು ನಿಂತು, ಬರಿಗೈ ಬಲದಿಂದ. ಬೈಪಾಡ್ ಒಪ್ಪುವ ದೂರಗುರಿಯ ಸ್ಪರ್ಧೆಗಳೂ ಇವೆ, ಹುಡುಗನದು ಅದಲ್ಲ. ಬೇಟೆಯ ಮಾತಂತೂ 1972ರ ವನ್ಯಜೀವಿ ಕಾಯಿದೆಯ ನಂತರ ನಮ್ಮಲ್ಲಿ ಎತ್ತುವಂತಿಲ್ಲ.

ರೈಫಲಿನ ಗುರಿ ಸರಿಹೊಂದಿಸುವಾಗ ಮಾತ್ರ ಏನಾದರೂ ಆನಿಕೆ ಬೇಕು. ಗಟ್ಟಿ ವಸ್ತುವಿನ ಮೇಲಿಟ್ಟರೆ ಕೋವಿ ಪುಟಿಯುತ್ತದೆ. ನಳಿಗೆಯನ್ನೇ ಊರಿದರೆ ಗುಂಡು ಬೀಳುವ ಜಾಗ ಬದಲಾಗುತ್ತದೆ. ಆದ್ದರಿಂದ ಹಿಡಿಮರದ ಕೆಳಗೆ ಮೆತ್ತನೆಯ ಚೀಲವಿಡುವುದು ವಾಡಿಕೆ. ಹುಡುಗನ ತಾಯಿ ಹಳೆಯ ಪ್ಯಾಂಟಿನ ಕಾಲು ಕತ್ತರಿಸಿ ಚೀಲ ಹೊಲಿದರು. ಎದುರು ಮನೆ ಕಟ್ಟುತ್ತಿದ್ದವರಿಂದ ಎರಡು ಸೇರು ಮರಳು ಕೇಳಿ ತಂದು, ಜರಡಿ ಹಿಡಿದು ತುಂಬಿದರು.