ಮುದಿ ಲೇತಿನ ಸ್ಪಿಂಡಲ್



ಬಾವಿಯ ಪಂಪು ಕೆಟ್ಟಾಗ ಅದರ ಶಾಫ್ಟನ್ನು ಸೈಕಲ್ಲಿಗೆ ಕಟ್ಟಿಕೊಂಡು ಲೇತ್ ಅಂಗಡಿಗೆ ಓಡದ ರೈತ ನಮ್ಮ ಜತ್ತ ಸೀಮೆಯಲ್ಲಿ ಸಿಗುವುದು ಕಷ್ಟ. ಕಬ್ಬಿಣ ಗಿರಗಿರನೆ ತಿರುಗುತ್ತದೆ, ಟೂಲು ತಾಗಿದಲ್ಲಿ ಸುರುಳಿ ಸುರುಳಿಯಾಗಿ ಸಿಪ್ಪೆ ಏಳುತ್ತದೆ. ನಾವು ನೋಡುವುದು ಅಷ್ಟೇ. ಕೆಲಸವನ್ನು ಕಚ್ಚಿ ಹಿಡಿಯುವ ಚಕ್ಕಿನ ಹಿಂದೆ, ಹೆಡ್‌ಸ್ಟಾಕ್ ಎಂಬ ಪೆಟ್ಟಿಗೆಯೊಳಗೆ, ಎರಡು ಬೇರಿಂಗುಗಳಲ್ಲಿ ಕೂತ ಉಕ್ಕಿನ ದಂಡವೊಂದು ಇರುತ್ತದೆ. ಅದೇ ಸ್ಪಿಂಡಲ್. ಅದು ಕೂದಲೆಳೆಯಷ್ಟು ಓಲಾಡಿದರೂ ಶಾಫ್ಟಿನ ದುಂಡಗು ಕೆಡುತ್ತದೆ, ಪಂಪು ಬೇಗನೆ ಮತ್ತೆ ಅಂಗಡಿಗೆ ಬರುತ್ತದೆ. ಈ ಓಲಾಟವನ್ನು ಮನುಷ್ಯ ಹೇಗೆ ಹಿಡಿತಕ್ಕೆ ತಂದ ಎಂಬುದೇ ಇವತ್ತಿನ ಮಾತು. ನಾನು ಯಂತ್ರವಿದ್ಯೆ ಕಲಿತವನಲ್ಲ. ಮೆಟ್ರಿಕ್ ಮುಗಿಸಿ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು. ಆದರೂ ಈ ವಿಷಯಕ್ಕೆ ನನ್ನದೊಂದು ಬಾಕಿ ಇದೆ.

ಮೊದಲಿಗೆ ಈ ತೊಂದರೆಯೇ ಇರಲಿಲ್ಲ. ಬಿಲ್ಲಿನ ದಾರ ಸುತ್ತಿ ತಿರುಗಿಸುವ ಹಳೆಯ ತಿರುಗಣಿಯಲ್ಲಿ ಕೆಲಸದ ತುಂಡು ಅಲುಗದ ಎರಡು ಮೊನೆಗಳ ನಡುವೆ ತಿರುಗುತ್ತಿತ್ತು. ಮೊನೆಗಳು ನಿಂತಲ್ಲೇ ನಿಂತಿದ್ದರಿಂದ ತುಂಡು ದುಂಡಗೇ ಬರುತ್ತಿತ್ತು. ತುಂಡನ್ನು ಕಚ್ಚಿಕೊಂಡು ತಾನೇ ತಿರುಗುವ ಸ್ಪಿಂಡಲ್ ಬಂದಾಗಿನಿಂದ ಬೇರಿಂಗಿನ ತಕರಾರು ಶುರುವಾಯಿತು. 1800ರ ಸುಮಾರಿಗೆ ಲಂಡನ್ನಿನ ಹೆನ್ರಿ ಮಾಡ್ಸ್‌ಲೇ ಸ್ಕ್ರೂ ಕೊರೆಯುವ ಕಬ್ಬಿಣದ ಲೇತನ್ನು ಕಟ್ಟಿದ. ಟೂಲು ಕೈ ಬಿಟ್ಟು ಯಂತ್ರದ ಹಿಡಿಕೆಗೆ ಹೋಯಿತು. ಅಲ್ಲಿಂದ ಮುಂದೆ ತಪ್ಪು ಬಂದರೆ ಅದು ಕೈಯದಲ್ಲ, ಯಂತ್ರದ್ದು.

ಮಾಡ್ಸ್‌ಲೇ ಬಳಿ ಪಳಗಿದ ಜೋಸೆಫ್ ವಿಟ್‌ವರ್ತ್ 1840ರಲ್ಲಿ ಗ್ಲ್ಯಾಸ್ಗೋ ನಗರದ ವಿದ್ವಾಂಸರ ಸಭೆಯಲ್ಲಿ ಸಮತಟ್ಟಾದ ಲೋಹದ ಹಲಗೆ ಮಾಡುವ ರೀತಿಯನ್ನು ವಿವರಿಸಿದ. ಎರಡು ಹಲಗೆಗಳನ್ನು ಒಂದಕ್ಕೊಂದು ಹೊಂದಿಸಿದರೆ ಸಾಲದು. ಒಂದು ಉಬ್ಬಿ ಇನ್ನೊಂದು ತಗ್ಗಾಗಿದ್ದರೂ ಅವು ಕೂಡಿಕೊಳ್ಳುತ್ತವೆ. ಮೂರು ಹಲಗೆ ಬೇಕು. ಯಾವ ಎರಡನ್ನು ಕೂಡಿಸಿದರೂ ಹೊಂದಬೇಕು, ಆಗಲೇ ಮೂರೂ ಸಮ. ಬಣ್ಣ ಹಚ್ಚಿ ತಿಕ್ಕುವುದು, ಬಣ್ಣ ಅಂಟಿದ ಉಬ್ಬನ್ನು ಸ್ಕ್ರೇಪರಿನಿಂದ ಹೆರೆಯುವುದು, ಮತ್ತೆ ತಿಕ್ಕುವುದು. ಲೆಕ್ಕಪತ್ರ ತಾಳೆ ನೋಡುವವನಾದ ನನಗೆ ಈ ಮೂರರ ಉಪಾಯ ಬಹಳ ಹಿಡಿಸಿತು. ಎರಡು ಪುಸ್ತಕ ಕೂಡಿ ಸುಳ್ಳು ಹೇಳಬಲ್ಲವು, ಮೂರನೆಯದು ಬಂದಾಗ ಸಿಕ್ಕಿಬೀಳುತ್ತವೆ. ಸ್ಪಿಂಡಲ್ಲಿನ ಬೇರಿಂಗಿಗೂ ಹತ್ತಿದ್ದು ಇದೇ ಬಣ್ಣ, ಇದೇ ಸ್ಕ್ರೇಪರು.

ಮುಂದೆ 1839ರ ಬ್ಯಾಬಿಟ್‌ನ ತವರ ಬೆರೆತ ಬಿಳಿಲೋಹ ಬಂತು. ಅಮೆರಿಕದ ಟಿಮ್‌ಕೆನ್ 1898ರಲ್ಲಿ ಗಾಡಿಯ ಗಾಲಿಗೆಂದು ಪೇಟೆಂಟ್ ಪಡೆದ ಇಳಿಜಾರು ರೋಲರ್ ಬೇರಿಂಗು ಲೇತಿಗೂ ಬಂತು. ಆದರೆ ಒಳ್ಳೆಯ ಸ್ಪಿಂಡಲ್ ಎಂದರೆ ಎಷ್ಟು ಒಳ್ಳೆಯದು? ಅದಕ್ಕೆ ಬರ್ಲಿನ್ನಿನ ಪ್ರಾಧ್ಯಾಪಕ ಗಿಯೋರ್ಗ್ ಶ್ಲೇಸಿಂಗರ್ 1927ರ ತನ್ನ ಪುಸ್ತಕದಲ್ಲಿ ಅಂಕಿ ಕೊಟ್ಟ. ಸಾಧಾರಣ ಲೇತಿನ ಸ್ಪಿಂಡಲ್ ಮೂತಿಯ ಓಲಾಟ ಮಿಲಿಮೀಟರಿನ ನೂರನೇ ಒಂದು ಭಾಗ ಮೀರಬಾರದು. ಯಂತ್ರದ ಪ್ರಾಮಾಣಿಕತೆಗೆ ಅಳತೆ ಕೊಟ್ಟ ಈ ಮನುಷ್ಯನನ್ನು ಯಹೂದಿ ಎಂಬ ಕಾರಣಕ್ಕೆ 1933ರಲ್ಲಿ ಹಿಟ್ಲರನ ಸರಕಾರ ಜೈಲಿಗೆ ಹಾಕಿತು, ಕೆಲಸದಿಂದ ತೆಗೆಯಿತು. ಕೊನೆಗೆ ಇಂಗ್ಲೆಂಡ್ ಸೇರಿ 1949ರಲ್ಲಿ ಅಲ್ಲೇ ತೀರಿಕೊಂಡ.

ನಮ್ಮ ಕಡೆಯ ಮಾತಿಗೆ ಬರೋಣ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಔಂಧ ಸಂಸ್ಥಾನದ ನೆಲದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಇಂದು ಅದೂ ನಮ್ಮ ಜತ್ತವೂ ಒಂದೇ ಸಾಂಗಲಿ ಜಿಲ್ಲೆಯಲ್ಲಿವೆ. 1941ರಲ್ಲಿ ಆ ಮನೆತನದವರದೇ ಮೈಸೂರು ಕಿರ್ಲೋಸ್ಕರ್ ಕಂಪನಿ ಹರಿಹರದಲ್ಲಿ ಶುರುವಾಗಿ ಲೇತುಗಳನ್ನು ಹೊರತಂದಿತು. 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ ಎಚ್.ಎಂ.ಟಿ. ಎದ್ದಿತು. ಹರಿಹರದ ಕಾರ್ಖಾನೆ ಆಮೇಲೆ ಮುಚ್ಚಿತು. ಅದರ ಲೇತುಗಳು ಊರೂರಲ್ಲಿ ಇನ್ನೂ ತಿರುಗುತ್ತಿವೆ.

ಇನ್ನು ನನ್ನ ಬಾಕಿ. 1994ರಲ್ಲಿ ನಮ್ಮೂರ ವಯಸ್ಸಾದ ಟರ್ನರ್ ಒಬ್ಬರು, ನಾವೆಲ್ಲ ಕಾಕಾ ಅನ್ನುತ್ತಿದ್ದವರು, ಸ್ವಾತಂತ್ರ್ಯಕ್ಕೂ ಮುಂಚಿನ ತಮ್ಮ ವಿಲಾಯತಿ ಲೇತಿನ ರಿಪೇರಿಗೆ ಸಾಲ ಕೇಳಿದರು. ನಾನಿದ್ದ ಶಾಖೆಯ ಲೆಕ್ಕದಲ್ಲಿ ಅಷ್ಟು ವರ್ಷದ ಯಂತ್ರಕ್ಕೆ ಬೆಲೆಯೇ ಇರಲಿಲ್ಲ. ಅರ್ಜಿಯ ಮೇಲೆ "ಮೌಲ್ಯ ಶೂನ್ಯ" ಎಂದು ಬರೆದವನು ನಾನೇ. ಕಾಕಾ ಜಗಳಾಡಲಿಲ್ಲ. "ಸಾಹೇಬ್ರ, ಮಷಿನ್ ಮುದುಕ ಆಗಿಲ್ರಿ, ಬೇರಿಂಗ್ ಸವದಾವ. ಐತವಾರ ಬಂದು ನೋಡ್ರಿ" ಅಂದರು. ಹೋದೆ.

ಅವರು ಮೊದಲು ಮುಟ್ಟಿದ್ದು ಸ್ಪಿಂಡಲ್ಲನ್ನಲ್ಲ, ಲೇತಿನ ಕಾಲುಗಳನ್ನು. ಬೆಡ್ಡು ತಿರುಚಿಕೊಂಡಿದ್ದರೆ ಸ್ಪಿಂಡಲ್ ಮೇಲೆ ಸುಳ್ಳು ದೂರು ಬರುತ್ತದಂತೆ. ರಸಮಟ್ಟ ಇಟ್ಟು, ಕಾಲಡಿ ತಗಡು ಕೊಟ್ಟು ಸಮ ಮಾಡಿದರು. ಆಮೇಲೆ ಚಕ್ಕು ಬಿಚ್ಚಿ ಡಯಲ್ ಗೇಜಿನ ಮೊನೆಯನ್ನು ಸ್ಪಿಂಡಲ್ಲಿಗೆ ತಾಗಿಸಿ ಕೈಯಿಂದ ನಿಧಾನ ತಿರುಗಿಸಿದರು. ಮುಳ್ಳು ಹೆಚ್ಚು ಕದಲಲಿಲ್ಲ. ಅಂದರೆ ದಂಡ ಬಾಗಿಲ್ಲ. ಕಟ್ಟಿಗೆಯ ದಂಡಿಗೆ ಕೊಟ್ಟು ಸ್ಪಿಂಡಲ್ಲನ್ನು ಮೇಲೆತ್ತಿದಾಗ ಮುಳ್ಳು ಎಂಟು ಗೆರೆ ಹಾರಿತು. ಒಂದು ಗೆರೆ ಎಂದರೆ ಮಿಲಿಮೀಟರಿನ ನೂರನೇ ಒಂದು ಭಾಗ. ರೋಗ ಬೇರಿಂಗಿನಲ್ಲಿತ್ತು.

ಅದು ಗನ್‌ಮೆಟಲ್ಲಿನ ಎರಡು ಹೋಳಿನ ಬೇರಿಂಗು, ಹೋಳುಗಳ ನಡುವೆ ತೆಳು ಹಿತ್ತಾಳೆ ಹಾಳೆಗಳು. ಒಂದು ಹಾಳೆ ತೆಗೆದು ಬಿಗಿದರೆ ಕೆಲಸ ಮುಗಿಯಿತೆಂದು ನಾನು ತಿಳಿದಿದ್ದೆ. ಬೇರಿಂಗು ಎಲ್ಲ ಕಡೆ ಒಂದೇ ಸಮ ಸವೆದಿರುವುದಿಲ್ಲವಲ್ಲ. ಸ್ಪಿಂಡಲ್ಲಿಗೆ ನೀಲಿ ಹಚ್ಚಿ, ಕೂರಿಸಿ ತಿರುಗಿಸಿ, ತೆಗೆದು, ನೀಲಿ ಅಂಟಿದಲ್ಲಿ ಹಳೆಯ ಕಾನಸಿನಿಂದ ತಾವೇ ಮಾಡಿಕೊಂಡ ಸ್ಕ್ರೇಪರಿನಿಂದ ಹೆರೆದರು. ಮೂರು ವಾರ, ದಿನಾ ಸಂಜೆ. ಪೂರ್ತಿ ಬಿಗಿ ಮಾಡುವಂತೆಯೂ ಇಲ್ಲ. ಎಣ್ಣೆಗೆ ಜಾಗ ಬಿಡದಿದ್ದರೆ ಕಾದು ಕಚ್ಚಿಕೊಳ್ಳುತ್ತದೆ. ಕೊನೆಗೆ ಎತ್ತಿದಾಗ ಎರಡು ಗೆರೆ, ತಿರುಗಿಸಿದಾಗ ಒಂದು ಗೆರೆಗೂ ಕಡಿಮೆ. ಶ್ಲೇಸಿಂಗರನ ಹೆಸರು ಕಾಕಾ ಕೇಳಿದವರಲ್ಲ.

ಅಲ್ಲಿಗೂ ಬಿಡಲಿಲ್ಲ. ಚಕ್ಕಿನಲ್ಲಿ ಗೇಣುದ್ದದ ರಾಡು ಹಿಡಿದು, ಆಚೆ ತುದಿಗೆ ಆಸರೆ ಕೊಡದೆ ಸಣ್ಣಗೆ ತಿರುವಿ, ಎರಡೂ ತುದಿಯ ದಪ್ಪ ಅಳೆದರು. ಸ್ಪಿಂಡಲ್ ಟೂಲಿನ ಕಡೆ ವಾಲಿದ್ದರೆ ವ್ಯಾಸದಲ್ಲಿ ತಪ್ಪು ಇಮ್ಮಡಿಯಾಗುತ್ತದೆ. ಆಚೆ ತುದಿ ತುಸು ಸಪೂರ ಬಂತು. ಹಿಂದಿನ ಬೇರಿಂಗಿಗೆ ಮತ್ತೆ ನೀಲಿ, ಮತ್ತೆ ನಾಲ್ಕು ಸಂಜೆ.

ಕೊನೆಯ ದಿನ ಡಯಲ್ ತೋರಿಸಿ, "ಸಾಹೇಬ್ರ, ಇದನ್ನ ನಿಮ್ಮ ಅರ್ಜಿಯಾಗ ಎಲ್ಲಿ ಬರೀತೀರಿ?" ಅಂತ ಕೇಳಿದರು. ಯಂತ್ರ ತಯಾರಾದ ವರ್ಷಕ್ಕೆ ಅದರಲ್ಲಿ ಕಾಲಂ ಇತ್ತು. ಇದಕ್ಕೆ ಇರಲಿಲ್ಲ.

ಕಾಕಾ 2009ರಲ್ಲಿ ಹೋದರು. ಮಗ ಅದೇ ಲೇತಿನಲ್ಲಿ ಪಂಪಿನ ಬುಶ್ ತಿರುವುತ್ತಾನೆ. ಬೇರಿಂಗಿನಲ್ಲಿ ಇನ್ನೂ ಎರಡು ಹಾಳೆ ಉಳಿದಿವೆ ಅನ್ನುತ್ತಾನೆ.