ಹೊರಗಿನಿಂದ ಒಳಗೆ ಬಂದ ‘ಬಟ್’

ಇಂಗ್ಲಿಷ್ ಕಲಿಯಹೊರಟ ನಮ್ಮ ಬಾಲಕರ ಕೈಗೆ ಬರುವ ಪುಸ್ತಕಗಳಲ್ಲಿ ‘ಬಟ್’ ಎಂಬ ಪದದ ಎದುರಿಗೆ ‘ಆದರೆ’ ಎಂದು ಬರೆದು ಮುಂದಕ್ಕೆ ಸಾಗುವುದು ಬಹುಕಾಲದ ರೂಢಿ. ಮೂರೇ ಅಕ್ಷರಗಳ, ಅರ್ಧ ಉಸಿರಿನಲ್ಲಿ ಮುಗಿದುಹೋಗುವ ಮಾತಿಗೆ ಇದಕ್ಕಿಂತ ದೀರ್ಘವಾದ ವಿವರಣೆ ಬೇಕೆಂದು ಕಲಿಸುವವರೂ ಎಣಿಸರು, ಕಲಿಯುವವರೂ ಕೇಳರು. ಹೀಗಿರುವಾಗ, ಎಂದೋ ಒಂದು ದಿನ ‘ಹೀ ಈಸ್ ಬಟ್ ಎ ಚೈಲ್ಡ್’ ಎಂಬ ವಾಕ್ಯವು ಎದುರಾಗಿ, ‘ಅವನು ಆದರೆ ಮಗು’ ಎಂದು ಅನ್ವಯ ಮಾಡಿ ನೋಡಿದರೆ ಅರ್ಥವು ಕೂಡಿಬಾರದೆ, ‘ಆಲ್ ಬಟ್ ಒನ್’ ಎಂಬಲ್ಲಿಯೂ ‘ಕೆನಾಟ್ ಬಟ್’ ಎಂಬಲ್ಲಿಯೂ ಅದೇ ಪದವು ಅಪರಿಚಿತನಂತೆ ವರ್ತಿಸತೊಡಗಿದಾಗ, ವಿದ್ಯಾರ್ಥಿಯು ತನ್ನ ಬುದ್ಧಿಯನ್ನೇ ಶಂಕಿಸುತ್ತಾನೆ. ದೋಷವಿರುವುದು ಆ ಸಮೀಕರಣದಲ್ಲಿ.

ತೊಡಕು ಬಾಲಕರಿಗೆ ಮಾತ್ರ ಕಂಡದ್ದಲ್ಲ. ಮಾನವನ ಗ್ರಹಣಶಕ್ತಿಯನ್ನು ಕುರಿತು ಜಾನ್ ಲಾಕ್ ಬರೆದು 1690ರ ಮುದ್ರಣವರ್ಷವನ್ನು ಹೊತ್ತು ಬಂದ ಮಹಾಪ್ರಬಂಧದ ಮೂರನೆಯ ಭಾಗದಲ್ಲಿ, ವಾಕ್ಯಗಳನ್ನು ಬೆಸೆಯುವ ಸಣ್ಣ ಪದಗಳಿಗೆಂದೇ ಒಂದು ಕಿರಿದಾದ ಅಧ್ಯಾಯವಿದೆ. ಅಲ್ಲಿ ಆ ತತ್ತ್ವಜ್ಞಾನಿಯು ನಿದರ್ಶನಕ್ಕಾಗಿ ಆರಿಸಿಕೊಂಡದ್ದು ಇದೇ ‘ಬಟ್’ ಅನ್ನು. ವೈಯಾಕರಣರು ಇದಕ್ಕೊಂದು ಪಾರಿಭಾಷಿಕ ನಾಮವನ್ನು ಅಂಟಿಸಿ ಕೃತಾರ್ಥರಾಗುತ್ತಾರೆಂದು ಮೆಲ್ಲನೆ ಚುಚ್ಚಿ, ಮನಸ್ಸು ಒಂದು ವಿಚಾರದಿಂದ ಇನ್ನೊಂದಕ್ಕೆ ಸಾಗುವಾಗ ತಾಳುವ ಬೇರೆಬೇರೆ ನಿಲುವುಗಳನ್ನು ಈ ಒಂದೇ ಪದವು ಹೇಗೆ ಸೂಚಿಸುತ್ತದೆಂಬುದಕ್ಕೆ ಐದು ಉದಾಹರಣೆಗಳನ್ನು ಕೊಟ್ಟು, ಇನ್ನೂ ಅನೇಕವಿರಬಹುದೆಂದು ಹೇಳಿ ಆತನು ಕೈತೊಳೆದುಕೊಳ್ಳುತ್ತಾನೆ. ಆ ಅರ್ಥಗಳಿಗೆಲ್ಲ ಒಂದು ಮೂಲವಿದ್ದೀತೆ ಎಂಬ ಪ್ರಶ್ನೆಯನ್ನು ಆತನು ಎತ್ತಲಿಲ್ಲ.

ಎತ್ತಿದವನು ಸೆರೆಮನೆಯನ್ನು ಕಂಡ ಒಬ್ಬ ಪಾದ್ರಿ. ಅಮೆರಿಕದ ಲೆಕ್ಸಿಂಗ್ಟನ್ನಿನಲ್ಲಿ 1775ರಲ್ಲಿ ದೊರೆಯ ಸೈನಿಕರ ಗುಂಡಿಗೆ ಬಲಿಯಾದವರ ವಿಧವೆಯರಿಗಾಗಿಯೂ ಅನಾಥರಿಗಾಗಿಯೂ ಚಂದಾ ಎತ್ತಬೇಕೆಂದು ಲಂಡನ್ನಿನ ಪತ್ರಿಕೆಗಳಲ್ಲಿ ಪ್ರಕಟಣೆ ಹೊರಡಿಸಿದ ಅಪರಾಧಕ್ಕಾಗಿ ಜಾನ್ ಹಾರ್ನ್ ಶಿಕ್ಷೆಗೊಳಗಾದನು. ಮೊಕದ್ದಮೆಯ ಒಂದು ಸೂಕ್ಷ್ಮವು ‘ದಟ್’ ಎಂಬ ಸಮುಚ್ಚಯಪದದ ಅರ್ಥವನ್ನು ಅವಲಂಬಿಸಿದ್ದುದರಿಂದ, ಕಾನೂನಿನ ಜಗಳವು ವ್ಯಾಕರಣದ ಜಗಳವಾಗಿ ಪರಿಣಮಿಸಿ, 1778ರಲ್ಲಿ ಒಂದು ಪತ್ರರೂಪದ ಪುಸ್ತಿಕೆಯೂ, ಹಾರ್ನ್ ಟುಕ್ ಎಂಬ ಹೊಸ ಹೆಸರನ್ನು ತಾಳಿದ ಮೇಲೆ 1786ರಲ್ಲಿ ‘ಡೈವರ್ಷನ್ಸ್ ಆಫ್ ಪರ್ಲಿ’ ಎಂಬ ಗ್ರಂಥವೂ ಹುಟ್ಟಿದುವು. ಇಂಥ ಸಣ್ಣ ಪದಗಳೆಲ್ಲ ಒಂದು ಕಾಲದಲ್ಲಿ ನಾಮಪದವೋ ಕ್ರಿಯಾಪದವೋ ಆಗಿದ್ದು, ಸವೆದು ಈ ಸ್ಥಿತಿಗೆ ಬಂದಿವೆಯೆಂಬುದು ಆತನ ಸಿದ್ಧಾಂತ. ‘ಬಟ್’ ವಾಸ್ತವವಾಗಿ ಎರಡು ಪದಗಳು, ಕಾಲಕ್ರಮದಲ್ಲಿ ಒಂದೇ ವೇಷವನ್ನು ತೊಟ್ಟಿವೆ ಎಂದು ಆತನು ಲಾಕನಿಗೆ ಉತ್ತರವಿತ್ತನು. ಎರಡರಲ್ಲಿ ಒಂದು ಬರಿಯ ಊಹೆಯೆಂದು ಮುಂದಿನ ವಿದ್ವಾಂಸರು ತಳ್ಳಿಹಾಕಿದರು. ಇನ್ನೊಂದರ ಹೆಜ್ಜೆಗುರುತು ಮಾತ್ರ ಸರಿಯಾದ ದಾರಿಯಲ್ಲಿತ್ತು.

ಪ್ರಾಚೀನ ಇಂಗ್ಲಿಷಿನಲ್ಲಿ ‘ಬೂಟನ್’ ಎಂಬ ಮಾತಿಗೆ ಹೊರಗೆ, ಹೊರಗಡೆ ಎಂದರ್ಥ. ಇಂದಿನ ‘ಔಟ್’ ಅದರೊಳಗೆ ಅಡಗಿದೆ. ಅದಕ್ಕೆ ಎದುರಾಗಿ ಒಳಗೆ ಎಂಬರ್ಥದ ‘ಬಿನ್ನನ್’ ಎಂಬುದೊಂದಿತ್ತು. ಇಂಗ್ಲೆಂಡಿನಲ್ಲಿ ಈ ಜೋಡಿಯು ಅಳಿದುಹೋದರೂ ಸ್ಕಾಟ್ಲೆಂಡಿನ ಬಡವರ ಮನೆಗಳಲ್ಲಿ ಅದು ಉಳಿಯಿತು: ಎರಡೇ ಕೋಣೆಗಳ ಮನೆಯಲ್ಲಿ ಅಡುಗೆಯೂ ಬಂದವರ ಮಾತುಕತೆಯೂ ನಡೆಯುವ ಹೊರಕೋಣೆಗೆ ‘ಬಟ್’ ಎಂದೂ, ಒಳಕೋಣೆಗೆ ‘ಬೆನ್’ ಎಂದೂ, ಅಂಥ ಇಡೀ ಮನೆಗೆ ‘ಬಟ್ ಅಂಡ್ ಬೆನ್’ ಎಂದೂ ಅಲ್ಲಿನವರು ಕರೆದರು. ಡಚ್ಚರ ನುಡಿಯಲ್ಲಿ ‘ಬೈಟನ್’, ‘ಬಿನ್ನನ್’ ಎಂಬ ಜೋಡಿ ಇಂದಿಗೂ ದಿನಬಳಕೆಯದು. ಜಾವಾ ದ್ವೀಪದ ಬೋಗೋರ್ ನಗರಕ್ಕೆ ಅವರು ತಮ್ಮ ಆಳ್ವಿಕೆಯಲ್ಲಿ ಇಟ್ಟಿದ್ದ ‘ಬೈಟನ್‌ಜೋರ್ಗ್’ ಎಂಬ ಹೆಸರಿನ ಅರ್ಥ, ಚಿಂತೆಯ ಹೊರಗಿನ ತಾಣ ಎಂದು. ಇಂಗ್ಲಿಷಿನ ‘ಅಬೌಟ್’ ಕೂಡ ಈ ಬಳಗದ್ದೇ, ಹೊರಗಡೆ ಸುತ್ತುಮುತ್ತ ಎಂಬುದು ಅದರ ಮೊದಲ ಅರ್ಥ.

ಇಲ್ಲಿಗೆ ಬಂದೊಡನೆ ಕನ್ನಡಿಗನ ಕಿವಿಯು ನಿಮಿರಬೇಕು. ಹಳಗನ್ನಡದ ‘ಪೊಱ’ ಎಂಬ ಸ್ಥಳವಾಚಕದಿಂದ ನಮ್ಮವರು ‘ಹೊರತು’ ಎಂಬುದನ್ನು ಮಾಡಿಕೊಂಡು, ‘ಅವನ ಹೊರತು ಎಲ್ಲರೂ ಬಂದರು’ ಎನ್ನುವಾಗ, ಆ ಒಬ್ಬನನ್ನು ಬಾಗಿಲಿನಾಚೆ ನಿಲ್ಲಿಸಿ ಮಿಕ್ಕವರನ್ನು ಎಣಿಸುತ್ತೇವೆ. ಪರಸ್ಪರ ಸಂಬಂಧವಿಲ್ಲದ ಎರಡು ಭಾಷಾಕುಲಗಳು ಒಂದೇ ಹಾದಿಯನ್ನು ಹಿಡಿದಿವೆ. ಆದುದರಿಂದ ‘ಬಟ್’ ಎಂಬುದರ ಎದುರಿಗೆ ಮೊದಲು ಬರೆಯಬೇಕಾದ ಕನ್ನಡ ‘ಹೊರತು’ ಎಂಬುದೆಂದು ನನ್ನ ಖಚಿತವಾದ ಅಭಿಪ್ರಾಯ.

ಬರೆದು ನೋಡಿದರೆ ಕಗ್ಗಂಟುಗಳು ತಾವಾಗಿ ಸಡಿಲುತ್ತವೆ. ‘ಲಾಸ್ಟ್ ಬಟ್ ಒನ್’ ಎಂದರೆ ಒಂದನ್ನು ಹೊರಗಿಟ್ಟು ಎಣಿಸಿದರೆ ಕೊನೆಯದಾಗುವಂಥದು, ಸಂಸ್ಕೃತದ ಉಪಾಂತ್ಯ. ‘ಆಲ್ ಬಟ್ ಡೆಡ್’ ಎಂದರೆ ಸಾವೊಂದರ ಹೊರತು ಆಗಬೇಕಾದುದೆಲ್ಲ ಆಗಿದೆ. ‘ನಥಿಂಗ್ ಬಟ್ ಎ ಫೂಲ್’ ಎಂಬುದೂ ‘ಎನಿಥಿಂಗ್ ಬಟ್ ಎ ಫೂಲ್’ ಎಂಬುದೂ ರೂಪದಲ್ಲಿ ಅವಳಿಗಳಾಗಿದ್ದು ಅರ್ಥದಲ್ಲಿ ಹಗೆಗಳಾಗಿರುವುದನ್ನು ಕಂಡು ಬೆರಗಾಗುವವರು, ಮೂರ್ಖತ್ವದ ಹೊರತು ಅವನಲ್ಲಿ ಏನೂ ಇಲ್ಲವೆಂದು ಮೊದಲನೆಯದೂ, ಮೂರ್ಖತ್ವದ ಹೊರತು ಏನನ್ನು ಬೇಕಾದರೂ ಅವನಲ್ಲಿ ಹೇಳಬಹುದೆಂದು ಎರಡನೆಯದೂ ಸಾರುವುದನ್ನು ಗಮನಿಸಿದರೆ, ಪದವು ಎರಡೂ ಕಡೆ ತನ್ನ ಒಂದೇ ಕೆಲಸವನ್ನು ನಿಷ್ಠೆಯಿಂದ ಮಾಡಿದೆಯೆಂದು ಒಪ್ಪಿಯಾರು.

ಇನ್ನು ‘ಹೀ ಈಸ್ ಬಟ್ ಎ ಚೈಲ್ಡ್’. ಇಲ್ಲಿ ‘ಬಟ್’ ಕ್ರಿಯಾವಿಶೇಷಣವಾಗಿ, ‘ಕೇವಲ’ ಎಂಬ ಅರ್ಥವನ್ನು ಕೊಡುತ್ತದೆ. ಹೊರಗೆ ಎಂಬ ಮಾತು ಕೇವಲ ಎಂದಾದುದು ಹೇಗೆ? ಮೊದಲು ಆ ವಾಕ್ಯದಲ್ಲಿ ಒಂದು ನಿಷೇಧಪದವಿತ್ತು. ‘ಅವನು ಮಗುವಿನ ಹೊರತು ಬೇರೇನೂ ಅಲ್ಲ’ ಎಂಬ ಧಾಟಿಯಲ್ಲಿ ಜನರು ಆಡುತ್ತಿದ್ದರು. ಬರಬರುತ್ತ ಆ ಸಣ್ಣ ನಿಷೇಧವು ನಾಲಗೆಯ ಮೇಲೆ ಕರಗಿಹೋಯಿತು, ಅದರ ಭಾರವನ್ನು ‘ಬಟ್’ ಒಂದೇ ಹೊತ್ತುಕೊಂಡಿತು. ಉತ್ತರ ಇಂಗ್ಲೆಂಡಿನ ಹಳ್ಳಿಗರು ಮಾತ್ರ ‘ನಾಬಟ್’ ಎಂಬ ತಮ್ಮ ಮಾತಿನಲ್ಲಿ ಆ ನಿಷೇಧವನ್ನು ಉಳಿಸಿಕೊಂಡು ‘ಕೇವಲ’ ಎಂಬರ್ಥದಲ್ಲಿ ಬಳಸುತ್ತಾರೆ. ನಾಗರಿಕರ ಭಾಷೆಗಿಂತ ಗ್ರಾಮ್ಯವು ಹೆಚ್ಚು ಪ್ರಾಮಾಣಿಕವಾಗಿರುವ ನಿದರ್ಶನಗಳಲ್ಲಿ ಇದೂ ಒಂದು.

ಎರಡು ವಾಕ್ಯಗಳ ನಡುವೆ ನಿಂತು ವಿರೋಧವನ್ನು ಸೂಚಿಸುವ, ನಮಗೆಲ್ಲ ಪರಿಚಿತವಾದ ಪಾತ್ರವು ಅದಕ್ಕೆ ಕಡೆಯಲ್ಲಿ ದೊರೆತದ್ದು: ಈಗ ಹೇಳಿದುದಕ್ಕೆ ಹೊರಗಾಗಿ ಇನ್ನೊಂದುಂಟು, ಎಂದು. ಶೇಕ್ಸ್‌ಪಿಯರನ ‘ಆಂಟನಿ ಅಂಡ್ ಕ್ಲಿಯೋಪಾತ್ರ’ದಲ್ಲಿ ಪ್ರಿಯನ ಕ್ಷೇಮವಾರ್ತೆಯನ್ನು ತಂದ ದೂತನು ಶುಭವನ್ನೆಲ್ಲ ಹೇಳಿ ಮುಗಿಸಿ ‘ಬಟ್ ಯೆಟ್’ ಎಂದು ತೊಡಗಿದೊಡನೆ ರಾಣಿಯು ಸಿಡಿದೇಳುತ್ತಾಳೆ; ವಾರ್ತೆಯನ್ನು ಕೇಳುವ ಮೊದಲೇ ಅವಳಿಗೆ ಆ ಎರಡು ಪದಗಳ ಮೇಲೆ ದ್ವೇಷ. ನಮ್ಮ ‘ಆದರೆ’ಯು ಇದೇ ಸ್ಥಾನದಲ್ಲಿ ನಿಂತರೂ ಅದರ ಸ್ವಭಾವವೇ ಬೇರೆ. ಅದು ‘ಆಗು’ ಎಂಬುದರ ಪಕ್ಷಾರ್ಥಕ ರೂಪ. ‘ಮಳೆಯಾದರೆ ಬೆಳೆ’ ಎಂಬಲ್ಲಿನ ‘ಆದರೆ’ಯೂ ‘ಕರೆದೆ, ಆದರೆ ಬರಲಿಲ್ಲ’ ಎಂಬಲ್ಲಿನದೂ ಒಂದೇ. ಎದುರಾಳಿಯ ಮಾತನ್ನು ‘ಹಾಗೇ ಆಗಲಿ’ ಎಂದು ಮೊದಲು ಅಂಗೀಕರಿಸಿ ಬಳಿಕ ಭಿನ್ನಮತವನ್ನು ಹೇಳುವ ದಾಕ್ಷಿಣ್ಯವು ಅದರ ಹುಟ್ಟಿನಲ್ಲಿಯೇ ಇದೆ, ಎನಿಸುತ್ತದೆ. ಬೆಂಗಳೂರಿನ ತರುಣರು ಕನ್ನಡ ವಾಕ್ಯದ ನಡುವೆಯೇ ‘ಬಟ್’ ಎಂದು ಹಾಕಿ ಮುಂದುವರಿಯುವುದನ್ನು ಕೇಳಿದಾಗ ನನಗೆ ಕೋಪ ಬರುವುದಿಲ್ಲ, ಅಷ್ಟರಮಟ್ಟಿಗೆ ದಾಕ್ಷಿಣ್ಯ ಕಡಿಮೆಯಾಯಿತೆಂದು ಮಾತ್ರ ತೋರುತ್ತದೆ.

ಕೇಶಿರಾಜನ ಕಾಲದಿಂದಲೂ ನಮ್ಮ ವೈಯಾಕರಣರು ಇಂಥ ಪದಗಳನ್ನೆಲ್ಲ ಅವ್ಯಯವೆಂಬ ಒಂದೇ ಸೂರಿನಡಿಯಲ್ಲಿ ಇಟ್ಟವರು. ಇಂಗ್ಲಿಷಿನವರು ಅವುಗಳಿಗೆ ಬೇರೆಬೇರೆ ಬಿಡಾರಗಳನ್ನು ಕಟ್ಟಿದರು. ಆ ವಿಂಗಡಣೆಯು ನಿತ್ಯದ ಬರವಣಿಗೆಯಲ್ಲಿ ನಮ್ಮನ್ನು ಕಾಡುವುದು ಎರಡು ಕಡೆಗಳಲ್ಲಿ. ‘ಹೌಎವರ್’ ಎಂಬುದು ಅರ್ಥದಲ್ಲಿ ‘ಬಟ್’ ಇದ್ದಂತೆಯೇ ಇದ್ದರೂ ಜಾತಿಯಲ್ಲಿ ಕ್ರಿಯಾವಿಶೇಷಣವಾದುದರಿಂದ, ತನ್ನ ವಾಕ್ಯದ ಆದಿಯಲ್ಲಿಯೋ ಮಧ್ಯದಲ್ಲಿಯೋ ಅಂತ್ಯದಲ್ಲಿಯೋ ಸ್ವೇಚ್ಛೆಯಾಗಿ ಸಂಚರಿಸಬಲ್ಲುದು. ಎರಡು ವಾಕ್ಯಗಳನ್ನು ಹೊಲಿಯುವ ಅಧಿಕಾರವು ಮಾತ್ರ ಅದಕ್ಕಿಲ್ಲವಾಗಿ, ಅದರ ಹಿಂದೆ ಅಲ್ಪವಿರಾಮವಲ್ಲ, ಅರ್ಧವಿರಾಮವೋ ಪೂರ್ಣವಿರಾಮವೋ ಇರಬೇಕು. ‘ಬಟ್’ ಹೊಲಿಯಬಲ್ಲುದು, ಶಿಷ್ಟರ ಬರವಣಿಗೆಯಲ್ಲಿ ಅದಕ್ಕೆ ಸಂಚಾರವಿಲ್ಲ. ಗ್ಲಾಸ್ಗೋವಿನಲ್ಲಿಯೂ ಉತ್ತರ ಐರ್ಲೆಂಡಿನಲ್ಲಿಯೂ ಆಸ್ಟ್ರೇಲಿಯದ ಕೆಲವೆಡೆಗಳಲ್ಲಿಯೂ ಜನರು ಅದನ್ನು ಮಾತಿನ ತುದಿಯಲ್ಲಿ ನಿಲ್ಲಿಸುತ್ತಾರೆಂಬುದು ಬೇರೆ ಸಂಗತಿ.

ಎರಡನೆಯದು ನಮ್ಮ ಶಾಲೆಗಳ ಚಿರಪರಿಚಿತ ಅಪರಾಧ: ‘ಆಲ್ದೋ’ ಎಂದು ಆರಂಭಿಸಿ, ನಡುವೆ ‘ಬಟ್’ ಎಂದು ಜೋಡಿಸುವುದು. ‘ಯದ್ಯಪಿ’ಗೆ ‘ತಥಾಪಿ’ ಇರಲೇಬೇಕೆಂಬ ಸಂಸ್ಕಾರವುಳ್ಳ ಕಿವಿಗೆ ಇದು ಸಹಜವಾಗಿಯೇ ಕೇಳುತ್ತದೆ. ‘ದೋ’ ಎಂದು ತೊಡಗಿ ‘ಯೆಟ್’ ಎಂದು ಮುಂದುವರಿಯುವುದನ್ನು 1611ರ ಬೈಬಲ್ ಭಾಷಾಂತರವೂ ಒಪ್ಪಿದೆ. ‘ಯೆಟ್’ ಅಲ್ಲಿ ಕ್ರಿಯಾವಿಶೇಷಣವಾಗಿ ತನ್ನ ಉಪವಾಕ್ಯದೊಳಗೇ ಇರುತ್ತದೆ. ‘ಬಟ್’ ಹಾಗಲ್ಲ, ‘ಆಲ್ದೋ’ ಒಮ್ಮೆ ಕಟ್ಟಿದ ಗಂಟಿನ ಮೇಲೆ ಮತ್ತೊಂದು ಗಂಟನ್ನು ಬಿಗಿಯುತ್ತದೆ. ಇಂಥ ವಾಕ್ಯವನ್ನು ಕಂಡೊಡನೆ ಕೆಂಪು ಶಾಯಿಯಿಂದ ಗೀಚುವ ಅಧ್ಯಾಪಕ ಮಹಾಶಯರು, ಗೀಚಿದ ಮೇಲೆ ಈ ಕಾರಣವನ್ನೂ ಅಂಚಿನಲ್ಲಿ ಎರಡು ಸಾಲು ಬರೆಯಬೇಕೆಂದು ನನ್ನ ಬಿನ್ನಹ.